ಬಾಗೆ ಮರವನ್ನು ಬೀಜದಿಂದ ಬೆಳೆಸುವ ಬಗೆ: ಗಟ್ಟಿ ಸಿಪ್ಪೆ, ಬೇರುಗಂಟು ಮತ್ತು ಉದುರೆಲೆ

ಬಯಲುಸೀಮೆಯ ರೈತರು ಹೊಲದ ಬದುವಿನಲ್ಲಿ ಮರ ಬೆಳೆಸಲು ಯೋಚಿಸಿದಾಗ ಸಾಮಾನ್ಯವಾಗಿ ಮೊದಲು ಕೇಳಿಬರುವ ಹೆಸರುಗಳು ನೀಲಗಿರಿ, ಸಿಲ್ವರ್ ಓಕ್, ಮಹಾಗನಿ ಮತ್ತು ಹೆಬ್ಬೇವು. ಇವುಗಳಲ್ಲಿ ಮೊದಲ ಮೂರು ಹೊರದೇಶಗಳಿಂದ ಬಂದವು. ಹೆಬ್ಬೇವು ನಮ್ಮದೇ ಮರವಾದರೂ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವ ಶಕ್ತಿ ಅದಕ್ಕಿಲ್ಲ. ಬೇಗ ಬೆಳೆಯುವ, ಗಟ್ಟಿ ಮರಮುಟ್ಟು ಕೊಡುವ, ಮಣ್ಣನ್ನೂ ಸುಧಾರಿಸುವ ದೇಶಿ ಮರವೊಂದು ಬೇಕೆಂದರೆ ಈ ಮೂರೂ ಗುಣಗಳಿರುವ ಬಾಗೆ ಮರ ನಮ್ಮ ಊರ ಹೊರಗೆ, ಹಳೆಯ ಸಾಲುಮರಗಳ ನಡುವೆ, ಎಲೆ ಉದುರಿಸುವ ಕಾಡುಗಳ ಅಂಚಿನಲ್ಲಿ ನಿಂತೇ ಇದೆ. ದೊಡ್ಡಬಾಗೆ, ಶಿರೀಷ ಎಂಬ ಹೆಸರುಗಳೂ ಇದಕ್ಕಿವೆ. ಸಸ್ಯಶಾಸ್ತ್ರದಲ್ಲಿ ಇದು ಆಲ್ಬಿಜಿಯಾ ಲೆಬ್ಬೆಕ್. ಹುರುಳಿ, ಅಲಸಂದೆ, ತೊಗರಿ, ಹೊಂಗೆಗಳಿರುವ ದ್ವಿದಳ ಕುಟುಂಬಕ್ಕೇ ಇದೂ ಸೇರುತ್ತದೆ.

‘ಬೇಗ ಬೆಳೆಯುವ’ ಎಂಬ ಮಾತಿಗೆ ಒಂದು ಮಿತಿಯನ್ನು ಆರಂಭದಲ್ಲೇ ಹೇಳಬೇಕು. ಬಾಗೆ ಮರ ನೀಲಗಿರಿಯಂತೆ ಕೆಲವೇ ವರ್ಷಗಳಲ್ಲಿ ಕಟಾವಿಗೆ ಬರುವುದಿಲ್ಲ. ಬೀಟೆ, ಹೊನ್ನೆಯಂಥ ಗಟ್ಟಿ ಮರಗಳೊಂದಿಗೆ ಹೋಲಿಸಿದಾಗ ಮಾತ್ರ ಅದರ ವೇಗ ಗಮನಕ್ಕೆ ಬರುತ್ತದೆ. ಸೌದೆಗಾಗಿ ಬೆಳೆಸಿದರೆ ಸುಮಾರು 10ರಿಂದ 15 ವರ್ಷಗಳಲ್ಲಿ ಕಡಿಯಬಹುದು. ಒಳ್ಳೆಯ ಚೇಗಿರುವ ಮರಮುಟ್ಟು ಬೇಕೆಂದರೆ ಅದರ ಎರಡರಷ್ಟು ಕಾಲವಾದರೂ ಕಾಯಬೇಕಾಗುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಒಣ ಪ್ರದೇಶದಿಂದ ಹಿಡಿದು 2,000 ಮಿಲಿಮೀಟರ್ ಮಳೆಯ ಪ್ರದೇಶದವರೆಗೆ ಇದು ಹೊಂದಿಕೊಳ್ಳುತ್ತದೆ. ಕೆಮ್ಮಣ್ಣು, ಎರೆಮಣ್ಣು, ಸ್ವಲ್ಪ ಕ್ಷಾರವಿರುವ ಮಣ್ಣು ಎಲ್ಲದರಲ್ಲೂ ಬೇರೂರುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಇದಕ್ಕೆ ಒಗ್ಗುವುದಿಲ್ಲ.

ಬೀಜ ಸಂಗ್ರಹಿಸುವ ಮೊದಲು ಮರವನ್ನು ಸರಿಯಾಗಿ ಗುರುತಿಸಬೇಕು, ಏಕೆಂದರೆ ರಸ್ತೆ ಬದಿಯ ಮಳೆಮರವನ್ನೂ ಹಲವರು ಬಾಗೆಯೆಂದೇ ಕರೆಯುತ್ತಾರೆ. ಮಳೆಮರ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಅದರ ಹೂವು ಗುಲಾಬಿ ಬಣ್ಣದ್ದು, ಕಾಯಿ ದಪ್ಪವಾಗಿ, ಕಪ್ಪಾಗಿ, ಒಳಗೆ ಅಂಟಾದ ಸಿಹಿ ತಿರುಳನ್ನು ಹೊಂದಿರುತ್ತದೆ. ಬಾಗೆಯ ಹೂವು ಹಸಿರು ಮಿಶ್ರಿತ ಬಿಳಿ ಬಣ್ಣದ, ಸುವಾಸನೆಯ ಕೇಸರಗಳ ಕುಚ್ಚು. ಬೇಸಿಗೆಯಲ್ಲಿ ಅರಳಿ, ಬಾಡುವಾಗ ಹಳದಿಗೆ ತಿರುಗುತ್ತದೆ. ಕಾಯಿ ಚಪ್ಪಟೆಯಾಗಿ, ಕಾಗದದಷ್ಟು ತೆಳುವಾಗಿ, 15ರಿಂದ 30 ಸೆಂಟಿಮೀಟರ್ ಉದ್ದವಿದ್ದು, ಒಣಗಿದಾಗ ಹುಲ್ಲಿನ ಬಣ್ಣ ತಾಳುತ್ತದೆ. ಒಳಗಿನ ಬೀಜಗಳು ಉಬ್ಬಿದ ಗುರುತುಗಳಾಗಿ ಹೊರಗಿನಿಂದಲೇ ಕಾಣುತ್ತವೆ. ಚಳಿಗಾಲ ಕಳೆದು ಎಲೆ ಉದುರಿದ ಮರದಲ್ಲಿ ಈ ಒಣಕಾಯಿಗಳ ಗೊಂಚಲು ಗಾಳಿಗೆ ಸದ್ದು ಮಾಡುತ್ತಿದ್ದರೆ ಅದು ಬಾಗೆಯೇ.

ಜನವರಿಯಿಂದ ಮಾರ್ಚ್‌ವರೆಗೆ ಕಾಯಿ ಕೀಳುವುದಕ್ಕೆ ಸೂಕ್ತ ಕಾಲ. ತಾಯಿಮರದ ಆಯ್ಕೆಯಲ್ಲಿ ಅವಸರ ಮಾಡಬಾರದು. ಕಾಂಡ ನೆಟ್ಟಗಿರುವ, ರೋಗವಿಲ್ಲದ, ನಡುವಯಸ್ಸಿನ ಹಲವು ಮರಗಳಿಂದ, ಸಾಧ್ಯವಾದಷ್ಟು ಒಂದಕ್ಕೊಂದು ದೂರವಿರುವ ಮರಗಳಿಂದ, ಬೀಜ ಸೇರಿಸಿದರೆ ಸಸಿಗಳಲ್ಲಿ ವೈವಿಧ್ಯ ಉಳಿಯುತ್ತದೆ. ಹತ್ತಿರದಲ್ಲಿ ಸಿಕ್ಕಿತೆಂದು ಬುಡದಿಂದಲೇ ಕವಲೊಡೆದ, ಸೊಟ್ಟ ಮರವೊಂದರ ಕಾಯಿಯನ್ನಷ್ಟೇ ತಂದರೆ ಆ ಗುಣದ ಪಾಲು ಸಸಿಗಳಿಗೂ ಬರಬಹುದು. ನೆಲಕ್ಕೆ ಬಿದ್ದು ಬಹಳ ದಿನವಾದ ಕಾಯಿಗಳಿಗಿಂತ ಮರದ ಮೇಲೆಯೇ ಒಣಗಿದವು ಉತ್ತಮ, ಏಕೆಂದರೆ ಬೀಜ ಕೊರೆಯುವ ಸಣ್ಣ ಜೀರುಂಡೆಗಳು ಕಾಯಿಯೊಳಗೆ ಮೊಟ್ಟೆಯಿಟ್ಟು ಬೀಜದ ತಿರುಳನ್ನು ತಿಂದುಹಾಕುತ್ತವೆ. ಗುಂಡುಸೂಜಿಯಷ್ಟು ತೂತಿರುವ ಬೀಜ ಒಳಗೆ ಟೊಳ್ಳು. ಕಾಯಿಗಳನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಹರಡಿ, ಗೋಣಿಚೀಲದಲ್ಲಿ ತುಂಬಿ ಕೋಲಿನಿಂದ ಬಡಿದು, ಮೊರದಲ್ಲಿ ಕೇರಿದರೆ ಬೀಜ ಬೇರೆಯಾಗುತ್ತದೆ. ಒಂದು ಕಿಲೋಗ್ರಾಂನಲ್ಲಿ ಸುಮಾರು 8,000 ಬೀಜಗಳಿರುತ್ತವೆ. ಬೀಜದ ಗಾತ್ರಕ್ಕೆ ತಕ್ಕಂತೆ ಈ ಸಂಖ್ಯೆ ಏರಿಳಿಯುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಟ್ಟ ಬೀಜ ಕೆಲವು ವರ್ಷಗಳವರೆಗೆ ಜೀವ ಹಿಡಿದಿರುತ್ತದೆ.

ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಬಾಗೆಯದು ವರ್ಷಗಟ್ಟಲೆ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬಾಗೆ ಬೀಜ ತನ್ನ ಜೀವಕ್ಕೆ ಕೆಡುಕಿಲ್ಲದೆ ಚೆನ್ನಾಗಿ ಒಣಗಬಲ್ಲದು ಎಂಬುದು; ಆ ಒಣತನವನ್ನು ಕಾಪಾಡುವುದು ಅದರ ಸಿಪ್ಪೆ. ಸಿಪ್ಪೆಯ ಹೊರಪದರದಲ್ಲಿ ಉದ್ದನೆಯ, ಗೋಡೆ ದಪ್ಪಗಿರುವ ಜೀವಕೋಶಗಳು ಕಂಬಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ಮೇಲೆ ಮೇಣದಂಥ ಲೇಪವಿದ್ದು, ನೀರು ಒಳಗಿಳಿಯಲು ದಾರಿಯೇ ಇರುವುದಿಲ್ಲ. ಭ್ರೂಣ ಜೀವಂತವಾಗಿಯೇ ಇದ್ದರೂ ನೀರು ತಲುಪದ ಕಾರಣ ಮೊಳೆಯಲಾರದು. ಕಾಡಿನಲ್ಲಿ ಬಿಸಿಲಿನ ಕಾವು, ಹಗಲು ರಾತ್ರಿಯ ತಾಪದ ಏರುಪೇರು, ಬೆಂಕಿಯ ಶಾಖ, ಕಾಯಿ ತಿಂದ ಪ್ರಾಣಿಯ ಹೊಟ್ಟೆಯ ರಸ ಇವೆಲ್ಲ ನಿಧಾನವಾಗಿ ಸಿಪ್ಪೆಯನ್ನು ಸಡಿಲಿಸುತ್ತವೆ. ಒಂದೇ ಮರದ ಬೀಜಗಳು ಒಂದೇ ಮಳೆಗೆ ಮೊಳೆಯದೆ ವರ್ಷ ಬಿಟ್ಟು ವರ್ಷ ಮೊಳೆಯುವುದರಿಂದ, ಮೊದಲ ಮಳೆ ಕೈಕೊಟ್ಟರೂ ಸಂತತಿ ಪೂರ್ತಿ ನಾಶವಾಗುವುದಿಲ್ಲ. ಮಳೆ ನೆಚ್ಚಲಾಗದ ನಾಡಿನ ಮರಕ್ಕೆ ಇದು ಬದುಕುಳಿಯುವ ಉಪಾಯ. ಸಸಿ ಬೆಳೆಸುವವರಿಗೆ ಮಾತ್ರ ಎಲ್ಲ ಬೀಜಗಳೂ ಒಟ್ಟಿಗೆ ಮೊಳೆಯಬೇಕು. ಆದ್ದರಿಂದ ಕಾಡು ವರ್ಷಗಳಲ್ಲಿ ಮಾಡುವ ಕೆಲಸವನ್ನು ನಾವು ಒಂದು ದಿನದಲ್ಲಿ ಮಾಡಿಕೊಡಬೇಕಾಗುತ್ತದೆ.

ಇದಕ್ಕೆ ಎಲ್ಲರ ಕೈಗೂ ಎಟುಕುವ ವಿಧಾನ ಬಿಸಿನೀರಿನ ಉಪಚಾರ. ಬೀಜದ ಅಳತೆಯ ಐದು ಪಟ್ಟು ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಬೀಜಗಳನ್ನು ಅದರಲ್ಲಿ ಹಾಕಿ ಹಾಗೆಯೇ ಆರಲು ಬಿಡಬೇಕು. ಆ ನೀರಿನಲ್ಲೇ ಅವು ಒಂದು ರಾತ್ರಿ, ಬೇಕಾದರೆ ಪೂರ್ತಿ ಒಂದು ದಿನ ನೆನೆಯಲಿ. ಒಲೆಯ ಮೇಲಿಟ್ಟು ಬೀಜಗಳನ್ನು ಕುದಿಸಿದರೆ ಭ್ರೂಣ ಬೆಂದು ಸಾಯುತ್ತದೆ. ನೀರು ತೀರಾ ಕಡಿಮೆಯಿದ್ದರೆ ಬೇಗ ಆರಿ ಸಿಪ್ಪೆ ಸಡಿಲವಾಗುವುದಿಲ್ಲ. ತೀರಾ ಹೆಚ್ಚಿದ್ದರೆ ಕಾವು ಬಹಳ ಹೊತ್ತು ನಿಂತು ಬೀಜಕ್ಕೆ ಹಾನಿ. ಶಾಖ ತಾಗಿದಾಗ ಸಿಪ್ಪೆಯ ಮೇಲೆ, ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತಿನ ಬಳಿಯಲ್ಲಿ, ಕಂಬಕೋಶಗಳು ದುರ್ಬಲವಾಗಿರುವ ಒಂದು ಸಣ್ಣ ಜಾಗ ಬಿರಿಯುತ್ತದೆ. ನೀರು ಮೊದಲು ಒಳಹೋಗುವುದು ಅಲ್ಲಿಂದಲೇ. ಮರುದಿನ ನೋಡಿದಾಗ ನೀರು ಕುಡಿದ ಬೀಜಗಳು ಉಬ್ಬಿ ದೊಡ್ಡದಾಗಿರುತ್ತವೆ, ಕುಡಿಯದವು ಹಿಂದಿನಂತೆಯೇ ಗಟ್ಟಿಯಾಗಿ ಉಳಿದಿರುತ್ತವೆ. ಉಬ್ಬಿದವನ್ನು ಕೂಡಲೇ ಬಿತ್ತಿ, ಗಟ್ಟಿಯಾದವಕ್ಕೆ ಮತ್ತೊಮ್ಮೆ ಉಪಚಾರ ಮಾಡಬಹುದು. ಹೊಸದಾಗಿ ತಂದ ಬೀಜದ ಗುಣ ತಿಳಿಯದಿದ್ದರೆ ಮೊದಲು ಒಂದು ಹಿಡಿಯಷ್ಟು ಬೀಜಕ್ಕೆ ಮಾತ್ರ ಉಪಚಾರ ಮಾಡಿ ಫಲಿತಾಂಶ ನೋಡುವುದು ಜಾಣತನ.

ಹತ್ತಿಪ್ಪತ್ತು ಸಸಿಗಳು ಮಾತ್ರ ಬೇಕಿದ್ದವರಿಗೆ ಇದಕ್ಕಿಂತ ಖಚಿತವಾದ ದಾರಿಯಿದೆ. ಉಗುರುಕತ್ತರಿಯಿಂದ ಬೀಜದ ಅಂಚನ್ನು ತುಸುವೇ ಚಿವುಟಬಹುದು ಅಥವಾ ಉಪ್ಪುಕಾಗದದ ಮೇಲೆ ಉಜ್ಜಿ, ಕಂದು ಸಿಪ್ಪೆಯ ಕೆಳಗಿನ ತಿಳಿಬಣ್ಣ ಕಾಣುವಷ್ಟು ಸವೆಸಬಹುದು. ಬೀಜಕ್ಕೆ ತೊಟ್ಟಿನ ಗುರುತಿರುವ ತುದಿಯಲ್ಲಿ ಭ್ರೂಣದ ಬೇರುಭಾಗ ಇರುವುದರಿಂದ, ಚಿವುಟುವುದು ಅದರ ಎದುರು ತುದಿಯಲ್ಲಿರಬೇಕು. ಹೀಗೆ ಮಾಡಿದ ಬೀಜವನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಸಾಕು. ಪ್ರಯೋಗಾಲಯಗಳಲ್ಲಿ ಸಾಂದ್ರ ಗಂಧಕಾಮ್ಲವನ್ನೂ ಬಳಸುತ್ತಾರೆ. ಚರ್ಮ ಮತ್ತು ಕಣ್ಣಿಗೆ ಅದು ತರಬಹುದಾದ ಅಪಾಯವನ್ನು ನೆನೆದರೆ, ಬಿಸಿನೀರಿನಿಂದಲೇ ಆಗುವ ಕೆಲಸಕ್ಕೆ ಹಳ್ಳಿಯ ಸಸ್ಯಕ್ಷೇತ್ರದಲ್ಲಿ ಆಮ್ಲ ತರುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಮುಂಗಾರು ನೆಲಕ್ಕಿಳಿದು ಹದವಾಗುವ ವೇಳೆಗೆ ಸಸಿ ನಾಟಿಗೆ ಸಿದ್ಧವಾಗಿರಬೇಕಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವೆ ಬಿತ್ತಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಿಶ್ರಣವನ್ನು, ತಳದಲ್ಲಿ ತೂತುಗಳಿರುವ ಚೀಲಗಳಿಗೆ ತುಂಬಿ, ಚೀಲಕ್ಕೆ ಎರಡರಂತೆ ಬೀಜಗಳನ್ನು ಒಂದು ಸೆಂಟಿಮೀಟರ್ ಆಳದಲ್ಲಿ ಊರಬೇಕು. ಉಪಚಾರ ಸರಿಯಾಗಿದ್ದರೆ ನಾಲ್ಕೈದು ದಿನಗಳಲ್ಲೇ ಮೊಳಕೆ ಶುರುವಾಗಿ ಮೂರು ವಾರಗಳೊಳಗೆ ಮುಗಿಯುತ್ತದೆ. ಬೀಜದಳಗಳು ಮಣ್ಣಿನ ಮೇಲೆ ಬಂದು ತೆರೆದುಕೊಳ್ಳುತ್ತವೆ. ಎರಡೂ ಮೊಳೆತರೆ ಬಲವಾದದ್ದನ್ನು ಉಳಿಸಿ, ಇನ್ನೊಂದನ್ನು ಎಳೆಯದಾಗಿರುವಾಗಲೇ ಎಚ್ಚರದಿಂದ ಖಾಲಿ ಚೀಲಕ್ಕೆ ಬದಲಿಸಬಹುದು. ಮೊದಲ ಎರಡು ವಾರ ಅರೆನೆರಳು ಬೇಕು, ಆಮೇಲೆ ಬಿಸಿಲೇ ಒಳ್ಳೆಯದು. ಎಳೆಸಸಿಗಳ ಬುಡ ಕೊಳೆತು ಸಾಲಾಗಿ ಬೀಳುವುದಕ್ಕೆ ಹೆಚ್ಚಿನ ಸಲ ಕಾರಣ ಅತಿಯಾದ ನೀರೇ; ಮೇಲ್ಮಣ್ಣು ಒಣಗಿದ್ದನ್ನು ನೋಡಿ ಬೆಳಗಿನ ಹೊತ್ತು ನೀರು ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಳದಿ ಬಣ್ಣದ ಪುಟ್ಟ ಚಿಟ್ಟೆಗಳು ಸಸಿಗಳ ಸುತ್ತ ಹಾರಾಡುತ್ತಿದ್ದರೆ ಎಲೆಗಳಲ್ಲಿ ಅವುಗಳ ಹಸಿರು ಹುಳುಗಳಿವೆಯೇ ಎಂದು ಹುಡುಕಬೇಕು. ಸಣ್ಣ ಸಸಿಮಡಿಯಲ್ಲಿ ಕೈಯಿಂದ ಆರಿಸಿ ತೆಗೆದರೆ ಸಾಕಾಗುತ್ತದೆ.

ಚೀಲದಲ್ಲಿ ಬೆಳೆವ ಬಾಗೆ ಸಸಿಯ ಎತ್ತರಕ್ಕಿಂತ ಅದರ ಬೇರಿನ ಕಡೆ ನಾವು ಹೆಚ್ಚು ಗಮನ ಕೊಡಬೇಕು. ತಾಯಿಬೇರು ಬೇಗ ಕೆಳಗಿಳಿದು, ಚೀಲದ ತಳ ಮುಟ್ಟಿ, ಜಾಗವಿಲ್ಲದೆ ಸುತ್ತಿಕೊಳ್ಳಲು ಶುರುಮಾಡುತ್ತದೆ. ಹಾಗೆ ಸುರುಳಿಯಾದ ಬೇರು ನೆಲದಲ್ಲಿಯೂ ನೇರವಾಗುವುದಿಲ್ಲ. ಮರ ದೊಡ್ಡದಾದ ಮೇಲೆ ಬಿರುಗಾಳಿಗೆ ಬುಡಸಮೇತ ಉರುಳುವುದಕ್ಕೆ ಅದೂ ಒಂದು ಕಾರಣವಾಗಬಹುದು. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಬೇರೆಡೆ ಇಟ್ಟು, ಹೊರಗೆ ಬಂದ ಬೇರನ್ನು ಕತ್ತರಿಸಬೇಕು. ಮೂರು ನಾಲ್ಕು ತಿಂಗಳ, ಒಂದಡಿ ಎತ್ತರದ, ಬುಡ ಗಟ್ಟಿಯಾದ ಸಸಿ ನಾಟಿಗೆ ಅತ್ಯುತ್ತಮ. ಎರಡು ವರ್ಷ ಅದೇ ಚೀಲದಲ್ಲಿ ಬೆಳೆದ ಐದಡಿ ಸಸಿಯನ್ನು ಎತ್ತರಕ್ಕೆ ಮರುಳಾಗಿ ಕೊಳ್ಳಬಾರದು.

ಮಣ್ಣನ್ನು ಸುಧಾರಿಸುವ ಕೆಲಸವೂ ಈ ಚೀಲದಲ್ಲೇ ಆರಂಭವಾಗುತ್ತದೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಯೂರಿಯಾ ಕಾರ್ಖಾನೆಗಳಿಗೆ ಬೇಕಾದ ಅಮೋನಿಯಾ ತಯಾರಿಸಲು 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಮತ್ತು ಭೂಮಿಯ ವಾಯುಒತ್ತಡದ ನೂರಾರು ಪಟ್ಟು ಒತ್ತಡ ಬೇಕಾಗುತ್ತದೆ. ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳು ಇದೇ ಕೆಲಸವನ್ನು ನೈಟ್ರೋಜಿನೇಸ್ ಎಂಬ ಕಿಣ್ವದ ಮೂಲಕ ಸಾಧಾರಣ ಮಣ್ಣಿನ ತಾಪದಲ್ಲೇ ಮಾಡುತ್ತವೆ. ಬಾಗೆಯ ಎಳೆಬೇರು ಮಣ್ಣಿಗೆ ಸೂಸುವ ರಾಸಾಯನಿಕಗಳನ್ನು ಗುರುತಿಸಿ ಬಂದ ಬ್ಯಾಕ್ಟೀರಿಯ ಬೇರಿನೊಳಗೆ ಸೇರಿಕೊಂಡಾಗ ಅಲ್ಲಿ ಗಂಟು ಮೂಡುತ್ತದೆ. ಮರ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಗಂಟಿಗೆ ಇಳಿಸುತ್ತದೆ, ಬ್ಯಾಕ್ಟೀರಿಯ ಸಾರಜನಕವನ್ನು ಮರಕ್ಕೆ ಏರಿಸುತ್ತದೆ. ನೈಟ್ರೋಜಿನೇಸ್ ಆಮ್ಲಜನಕ ತಾಗಿದರೆ ಕೆಡುವಂಥದ್ದು. ಆದರೆ ಬ್ಯಾಕ್ಟೀರಿಯ ಉಸಿರಾಡಲು ಆಮ್ಲಜನಕ ಬೇಕು. ಈ ಇಕ್ಕಟ್ಟನ್ನು ಪರಿಹರಿಸುವುದು ಗಂಟಿನೊಳಗಿನ ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗಕ್ಕೆ ಸೇರಿದ ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ಒದಗಿಸುತ್ತದೆ. ಸಸಿಯ ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿದಾಗ ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಕಂಡರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಬಿಳಿಚಿದ್ದರೆ ಅಥವಾ ಹಸಿರಾಗಿದ್ದರೆ ಅದರಿಂದ ಸಾರಜನಕ ಸಿಗುತ್ತಿಲ್ಲ.

ಸಸಿ ಬೆಳೆಸುವವರು ಈ ಜೋಡಣೆಗೆ ಅನುವು ಮಾಡಿಕೊಡಬೇಕು. ಆಳದಿಂದ ಅಗೆದು ತಂದ ಕೆಮ್ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಗಳು ಇಲ್ಲದೇ ಹೋಗಬಹುದು. ಆದ್ದರಿಂದ ಆರೋಗ್ಯವಂತ ಬಾಗೆ ಮರದ ಬುಡದಿಂದ, ಬೇರುಗಳಿರುವ ಪದರದ ಮಣ್ಣನ್ನು ಒಂದೆರಡು ಬುಟ್ಟಿ ತಂದು ಚೀಲದ ಮಿಶ್ರಣಕ್ಕೆ ಸೇರಿಸಬೇಕು. ಬೇರಿಗೆ ರಂಜಕ ಒದಗಿಸಲು ನೆರವಾಗುವ ಶಿಲೀಂಧ್ರಗಳೂ ಆ ಮಣ್ಣಿನೊಂದಿಗೆ ಬರುತ್ತವೆ. ಬಾಗೆ ಈ ಆಯ್ಕೆಯಲ್ಲಿ ಬಹಳ ಕಟ್ಟುನಿಟ್ಟಾದುದಲ್ಲ. ಅಲಸಂದೆಯ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯ ಗುಂಪಿನೊಂದಿಗೂ ಇದು ಹೊಂದಿಕೊಳ್ಳುವುದರಿಂದ ಅಲಸಂದೆ ಬೆಳೆದ ಹೊಲದ ಮಣ್ಣೂ ಉಪಯೋಗಕ್ಕೆ ಬರುತ್ತದೆ. ಇಷ್ಟೆಲ್ಲ ಮಾಡಿ, ಸಸಿ ಹಸಿರೇರಲೆಂದು ಯೂರಿಯಾ ಹಾಕುವ ಅಭ್ಯಾಸ ಮಾತ್ರ ಬಿಡಬೇಕು. ಸುಲಭವಾಗಿ ಸಿಗುವ ಸಾರಜನಕ ಸುತ್ತಲೂ ಇದ್ದಾಗ ಸಸಿ ತನ್ನ ಸಕ್ಕರೆಯನ್ನು ಗಂಟುಗಳಿಗೆ ವೆಚ್ಚ ಮಾಡುವುದಿಲ್ಲ, ಗಂಟು ಕಟ್ಟುವುದೇ ಕುಗ್ಗುತ್ತದೆ. ರಂಜಕದ ವಿಷಯ ಇದಕ್ಕೆ ಪೂರ್ತಿ ಬೇರೆ. ಒಂದು ಸಾರಜನಕ ಅಣುವನ್ನು ಒಡೆಯಲು ಶಕ್ತಿವಾಹಕವಾದ ಎಟಿಪಿಯ 16 ಅಣುಗಳು ವೆಚ್ಚವಾಗುತ್ತವೆ, ಆ ಎಟಿಪಿಯ ಒಂದು ಮುಖ್ಯ ಅಂಗ ರಂಜಕ. ರಂಜಕ ಕಡಿಮೆಯಿರುವ ಕೆಮ್ಮಣ್ಣಿನಲ್ಲಿ ಮಿಶ್ರಣಕ್ಕೆ ಸ್ವಲ್ಪ ಸೂಪರ್ ಫಾಸ್ಫೇಟ್ ಅಥವಾ ಮೂಳೆಪುಡಿ ಸೇರಿಸಿದರೆ ಗಂಟುಗಳು ಬಲವಾಗುತ್ತವೆ.

ಗಂಟುಗಳಲ್ಲಿ ಸೇರಿದ ಸಾರಜನಕ ಮಣ್ಣಿಗೆ ಹೇಗೆ ತಲುಪುತ್ತದೆ ಎಂಬುದನ್ನು ಹಲವರು ತಪ್ಪಾಗಿ ತಿಳಿದಿರುತ್ತಾರೆ. ಬೇರು ಅದನ್ನು ನೇರವಾಗಿ ಮಣ್ಣಿಗೆ ಸುರಿಯುತ್ತದೆ, ಪಕ್ಕದ ರಾಗಿ ಅದನ್ನು ಹೀರುತ್ತದೆ ಎಂಬ ಚಿತ್ರ ಬಹುಮಟ್ಟಿಗೆ ಸರಿಯಲ್ಲ. ಸಾರಜನಕದ ಹೆಚ್ಚಿನ ಪಾಲು ಮೊದಲು ಮರದ ಎಲೆ, ಕಾಯಿ, ಬೇರುಗಳಲ್ಲಿ ಸೇರುತ್ತದೆ. ಎಲೆ ಉದುರಿ ಕೊಳೆತಾಗ, ಸಣ್ಣಬೇರು ಮತ್ತು ಗಂಟುಗಳು ಸತ್ತು ಕರಗಿದಾಗ ಮಾತ್ರ ಅದು ಮಣ್ಣಿನದಾಗುತ್ತದೆ. ಬಾಗೆಯ ಹಸಿರೆಲೆಯ ಒಣತೂಕದಲ್ಲಿ ಸುಮಾರು ಶೇ. 3ರಷ್ಟು ಸಾರಜನಕವಿರುತ್ತದೆ. ಅಂದರೆ ಒಣತೂಕ 10 ಕಿಲೋ ಆಗುವಷ್ಟು ಹಸಿರೆಲೆಯನ್ನು ಮಣ್ಣಿಗೆ ಸೇರಿಸಿದರೆ ಸುಮಾರು 300 ಗ್ರಾಂ ಸಾರಜನಕ ಸೇರಿದಂತೆ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ ಇದು ಸುಮಾರು 650 ಗ್ರಾಂ ಯೂರಿಯಾಕ್ಕೆ ಸಮ. ತಾನಾಗಿ ಉದುರುವ ಎಲೆಯಲ್ಲಿ ಇದಕ್ಕಿಂತ ಕಡಿಮೆ, ಏಕೆಂದರೆ ಉದುರಿಸುವ ಮುನ್ನ ಮರ ಒಂದು ಪಾಲನ್ನು ರೆಂಬೆಗೆ ಹಿಂದೆಳೆದುಕೊಳ್ಳುತ್ತದೆ. ಹಾಗಿದ್ದರೂ ಉದುರೆಲೆಗೆ ಸಾವಯವ ಅಂಶ ಹೆಚ್ಚಿಸಿ, ನೀರು ಹಿಡಿದಿಡುವ ಶಕ್ತಿಯನ್ನು ಬೆಳೆಸುವ ಗುಣವಿದೆ. ಬೇಸಿಗೆಯಲ್ಲಿ ಮರದಡಿಯ ತರಗೆಲೆಗೆ ಬೆಂಕಿ ಹಚ್ಚುವ ಕಡೆ ಬಾಗೆ ನೆಟ್ಟು ಮಣ್ಣು ಸುಧಾರಿಸುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಎಲೆಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯೊಂದಿಗೆ ಮತ್ತೆ ಗಾಳಿಗೇ ಹೋಗುತ್ತದೆ. ಸೊಪ್ಪನ್ನು ಆಡು, ಕುರಿ, ದನಗಳಿಗೆ ಮೇವಾಗಿ ಒಯ್ಯುವುದಾದರೆ ಆ ಕೊಟ್ಟಿಗೆಯ ಗೊಬ್ಬರ ಅದೇ ಹೊಲಕ್ಕೆ ಹಿಂತಿರುಗಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಒಣ ಹುಲ್ಲುಗಾವಲುಗಳಲ್ಲಿ ಬಾಗೆಯ ನೆರಳಿನಡಿಯ ಹುಲ್ಲು ಬಯಲಿನ ಹುಲ್ಲಿಗಿಂತ ಹುಲುಸಾಗಿ, ಹೆಚ್ಚು ಕಾಲ ಹಸಿರಾಗಿ ಬೆಳೆಯುವುದನ್ನು ಕೃಷಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಅಲ್ಲಿಯೂ ಎಲೆ ಬಿದ್ದಲ್ಲಿಯೇ ಕೊಳೆಯುತ್ತದೆ ಎಂಬುದನ್ನು ಗಮನಿಸಬೇಕು.

ನಾಟಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಮೃಗಶಿರ ಅಥವಾ ಆರಿದ್ರಾ ಮಳೆಯಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ಸಸಿ ನೆಡಬೇಕು. ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯುವುದು, ಬುಡಕ್ಕೆ ಹುಲ್ಲು ಅಥವಾ ತರಗಿನ ಹೊದಿಕೆ ಹಾಕುವುದು, ಸುತ್ತ ಮೂರಡಿಯಷ್ಟು ಕಳೆ ತೆಗೆದಿಡುವುದು ಎಲ್ಲ ಮರಗಳಿಗೂ ಇರುವ ಆರೈಕೆಯೇ. ಬಾಗೆಗೆ ವಿಶೇಷವಾಗಿ ಬೇಕಾದದ್ದು ಬೇಲಿ. ಆಡುಗಳಿಗೆ ಇದರ ಎಲೆ ಬಹಳ ಇಷ್ಟ. ಮೊದಲ ಎರಡು ವರ್ಷ ಮುಳ್ಳುಬೇಲಿ ಇಲ್ಲದ ಸಸಿ ಮೇಲೇಳುವ ಮುಂಚೆಯೇ ಮತ್ತೆ ಮತ್ತೆ ಮೊಟಕಾಗುತ್ತದೆ. ಮೊದಲ ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿದ ಸಸಿಯನ್ನು ಸತ್ತಿತೆಂದು ಕೀಳಬಾರದು. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಅದು ಜೀವಂತವಾಗಿದೆ, ಮಳೆಗೆ ಚಿಗುರುತ್ತದೆ.

ಬಯಲಿನಲ್ಲಿ ಒಂಟಿಯಾಗಿ ಬೆಳೆದ ಬಾಗೆ ಕೆಳಗಿನಿಂದಲೇ ಕವಲೊಡೆದು ಕೊಡೆಯಂತೆ ಹರಡಿಕೊಳ್ಳುತ್ತದೆ. ನೆರಳಿಗೆ ಇದು ಸೊಗಸು, ಮರಮುಟ್ಟಿಗೆ ಅನುಕೂಲವಲ್ಲ. ನೇರ ಕಾಂಡ ಬೇಕಾದವರು ಸಾಲಿನಲ್ಲಿ ಎರಡು ಮೂರು ಮೀಟರ್ ಅಂತರದಲ್ಲಿ ಒತ್ತಾಗಿ ನೆಟ್ಟು, ಬೆಳಕಿಗಾಗಿ ಮೇಲೇರುವಂತೆ ಮಾಡಿ, ಮುಂದೆ ಸೊಟ್ಟದ್ದನ್ನೂ ಬಡವಾದದ್ದನ್ನೂ ತೆಗೆಯುತ್ತ ಅಂತರವನ್ನು ಹಿಗ್ಗಿಸಬೇಕು. ಪಕ್ಕದ ರೆಂಬೆಗಳನ್ನು ಹೆಬ್ಬೆರಳ ದಪ್ಪಕ್ಕೆ ಬರುವ ಮೊದಲೇ, ಬೇಸಿಗೆಯಲ್ಲಿ, ಕಾಂಡಕ್ಕೆ ಗಾಯವಾಗದಂತೆ ಕತ್ತರಿಸಿದರೆ ಹತ್ತು ಹನ್ನೆರಡು ಅಡಿಯ ಗಂಟಿಲ್ಲದ ದಿಮ್ಮಿ ಸಿಗುತ್ತದೆ. ಒಂದೇ ಸಲಕ್ಕೆ ಮರವನ್ನು ಬೋಳಿಸಿದರೆ ಎಲೆ ಕಡಿಮೆಯಾಗಿ ಬೇರುಗಂಟುಗಳಿಗೆ ಸಕ್ಕರೆ ಇಳಿಯುವುದಿಲ್ಲ; ಹಸುರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಲೇಸು.

ಬೆಳೆಯೊಂದಿಗೆ ಬಾಗೆಯ ಸಂಬಂಧದಲ್ಲಿ ಲಾಭವೊಂದೇ ಇದೆ ಎಂದು ಹೇಳಲಾಗದು. ಇದರ ಪಕ್ಕಬೇರುಗಳು ಮೇಲ್ಮಣ್ಣಿನಲ್ಲಿ ದೂರದವರೆಗೆ ಹರಡುವುದರಿಂದ, ಮಳೆ ಕಡಿಮೆಯಾದ ವರ್ಷ ಹತ್ತಿರದ ಸಾಲುಗಳಿಗೆ ನೀರಿನ ಕೊರತೆಯಾಗುತ್ತದೆ. ಆದ್ದರಿಂದ ಹೊಲದ ನಡುವೆ ನೆಡುವುದಕ್ಕಿಂತ ಬದು, ಹಳ್ಳದ ದಡ, ಬೀಳುಭೂಮಿ ಮತ್ತು ಗೋಮಾಳದ ಅಂಚು ಇದಕ್ಕೆ ಸೂಕ್ತ. ಬದುವಿನ ಒಳಮಗ್ಗುಲಲ್ಲಿ ಎರಡಡಿ ಆಳದ ಕಾಲುವೆ ತೆಗೆದರೆ ಬೇರು ಹೊಲಕ್ಕೆ ನುಗ್ಗುವುದೂ ತಗ್ಗುತ್ತದೆ, ಮಳೆನೀರೂ ಇಂಗುತ್ತದೆ. ಬೇರಿಗೆ ಗಾಯವಾದಲ್ಲಿ ಹೊಸ ಚಿಗುರು ಏಳುವ ಗುಣ ಬಾಗೆಗಿರುವುದರಿಂದ ಕಾಲುವೆಯ ಬದಿಯಲ್ಲಿ ಕೆಲವು ಮರಿಗಿಡಗಳು ಕಾಣಿಸಿಕೊಳ್ಳಬಹುದು. ಅವನ್ನು ಮೇವಿಗೆ ಕೊಯ್ಯಬಹುದು.

ಬಲಿತ ಮರದ ಚೇಗು ಗಾಢ ಕಂದು ಬಣ್ಣದ್ದು. ಪೀಠೋಪಕರಣ, ಬಾಗಿಲು ಚೌಕಟ್ಟು, ಬೇಸಾಯದ ಉಪಕರಣಗಳಿಗೆ ಚೆನ್ನಾಗಿ ಒದಗುತ್ತದೆ. ಸುತ್ತಲಿನ ಬಿಳಿಭಾಗ ಅಗಲವಾಗಿದ್ದು ಪುಡಿಹುಳುವಿಗೆ ಬೇಗ ತುತ್ತಾಗುವುದರಿಂದ ಕಡಿದ ದಿಮ್ಮಿಯನ್ನು ತಡಮಾಡದೆ ಸೀಳಿಸಿ ನೆರಳಿನಲ್ಲಿ ಒಣಗಿಸಬೇಕು; ಸೀಳುವಾಗ ಏಳುವ ಧೂಳು ಮೂಗು, ಗಂಟಲು ಕೆರಳಿಸಿ ಸೀನು ತರಿಸುವುದರಿಂದ ಕೆಲಸಗಾರರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು. ಕರ್ನಾಟಕದಲ್ಲಿ ಖಾಸಗಿ ಜಮೀನಿನ ಮರ ಕಡಿಯುವುದಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೊಡಲಿ ಹಾಕುವ ಮೊದಲು ವಲಯ ಅರಣ್ಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು. ಸಸಿ ನೆಡುವಾಗಲೇ ಆ ಕಚೇರಿಗೆ ಹೋಗಿ ಬರುವುದು ಇನ್ನೂ ಒಳ್ಳೆಯದು, ಏಕೆಂದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ರಿಯಾಯಿತಿ ದರದ ಸಸಿಗಳನ್ನು ನೆಟ್ಟವರಿಗೆ, ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೊದಲ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಮರ ಕಡಿದ ಮೇಲೆ ಬೊಡ್ಡೆಯನ್ನು ಕೀಳದೆ ಉಳಿಸಿದರೆ ಮುಂದಿನ ಮಳೆಗೆ ಸುತ್ತಲೂ ಚಿಗುರು ಬರುತ್ತದೆ. ಅವುಗಳಲ್ಲಿ ನೆಲಕ್ಕೆ ಹತ್ತಿರದಿಂದ ಹೊರಟ, ಬಲವಾದ ಒಂದನ್ನು ಉಳಿಸಿ ಉಳಿದವನ್ನು ಸೊಪ್ಪಿಗೆ ಕೊಯ್ದರೆ, ಈಗಾಗಲೇ ಹರಡಿರುವ ಬೇರಿನ ಬಲದಿಂದ ಎರಡನೆಯ ಮರ ಮೊದಲಿನದಕ್ಕಿಂತ ಬೇಗ ಮೇಲೇರುತ್ತದೆ.